ಅಲ್ಲಿ ಏನು ಬೆಳೀತಾರೆ ಅಂತ ಕೇಳಿದ್ರಲ್ಲ ಅಪ್ಪ

ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಆರಾಮ ಇದ್ದೇವೆ. ಮಿನಿಯಾಪೊಲಿಸ್‌ಗೆ ವಾಪಸ್ ಬಂದಾಗಿನಿಂದ ಬಟ್ಟೆ ಒಗೆಯುವುದೇ ಕೆಲಸ, ಎಷ್ಟು ಜಾಡಿಸಿದರೂ ಬಿಳಿ ಮಣ್ಣು ಉದುರುತ್ತಲೇ ಇದೆ. ಅವತ್ತು ಫೋನಿನಲ್ಲಿ ಅಪ್ಪ "ಆ ಕಡೆ ಏನು ಬೆಳೀತಾರೆ?" ಅಂತ ಕೇಳುತ್ತಿದ್ದ ಹಾಗೇ ಲೈನ್ ಕಟ್ಟಾಯ್ತು. ಅದು ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ ಬಿಡಿ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಇಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯಕ್ಕೆ, ಬ್ಯಾಡ್‌ಲ್ಯಾಂಡ್ಸ್ ಅನ್ನುವ ನ್ಯಾಷನಲ್ ಪಾರ್ಕ್ ನೋಡೋಕೆ. ಐ-90 ಅಂತ ಹೆದ್ದಾರಿ. ಗಂಟೆಗೆ 80 ಮೈಲಿ, ಅಂದರೆ ಹೆಚ್ಚುಕಮ್ಮಿ 130 ಕಿಲೋಮೀಟರ್ ವೇಗದಲ್ಲಿ ಹೋದರೂ ಪೊಲೀಸರು ಹಿಡಿಯುವುದಿಲ್ಲ. ರಾಜ್ಯದ ಪೂರ್ವದ ಕಡೆ ಎಲ್ಲಿ ನೋಡಿದರೂ ಗೋವಿನಜೋಳ, ಸೋಯಾಬೀನ್. ಮಿಚೆಲ್ ಅನ್ನುವ ಊರಲ್ಲಿ ಕಾರ್ನ್ ಪ್ಯಾಲೇಸ್ ಅಂತ ಒಂದು ಕಟ್ಟಡವಿದೆ, ಅದರ ಹೊರಗೋಡೆಗೆ ಬಣ್ಣಬಣ್ಣದ ತೆನೆಗಳನ್ನು ಮೊಳೆ ಹೊಡೆದು ದೊಡ್ಡ ದೊಡ್ಡ ಚಿತ್ರ ಮಾಡುತ್ತಾರೆ. ಅವ್ವ, ನೀನಿದ್ದಿದ್ದರೆ ತಿನ್ನೋ ಕಾಳು ಗೋಡೆಗೆ ಯಾಕೆ ಅಂತ ಅಲ್ಲೇ ಜಗಳ ತೆಗೆಯುತ್ತಿದ್ದೆ.

ಮಿಸೌರಿ ನದಿ ದಾಟಿದ ಮೇಲೆ ಬೆಳೆ ಕಮ್ಮಿಯಾಗುತ್ತಾ ಹೋಗುತ್ತದೆ. ಬರೀ ಹುಲ್ಲು, ಅಲ್ಲಲ್ಲಿ ದನ. ಇದಕ್ಕೇ ಪ್ರೇರಿ ಅನ್ನುವುದು. ಗಂಟೆಗಟ್ಟಲೆ ಒಂದು ಮರ ಸಿಗಲಿಲ್ಲ. ಪುಟ್ಟಿ ಹಿಂದಿನ ಸೀಟಿನಲ್ಲಿ "ಇನ್ನೂ ಎಷ್ಟು ದೂರ" ಅಂತ ರಾಗ ಎಳೆದೂ ಎಳೆದೂ ನಿದ್ದೆ ಹೋದಳು. ಆಮೇಲೆ ಒಂದು ಕಡೆ, ಸಪಾಟಾದ ಹುಲ್ಲುಗಾವಲು ನೋಡ್ತಾ ನೋಡ್ತಾ ಇದ್ದ ಹಾಗೇ ಮುರಿದು ಕೆಳಗೆ ಬಿದ್ದುಬಿಟ್ಟಿದೆ. ಕೆಳಗೆಲ್ಲ ಕೊರಕಲು, ಚೂಪು ಗುಡ್ಡ, ಕಂದರ. ಒಂದು ಪಟ್ಟಿ ಬೂದು, ಒಂದು ಪಟ್ಟಿ ಹಳದಿ, ಒಂದು ಕೆಂಪು. ಬ್ಯಾಡ್‌ಲ್ಯಾಂಡ್ಸ್ ಅಂದರೆ ಇದೇ.

ಅಪ್ಪ, ನಿಮಗೆ ಮಣ್ಣಿನ ಸುದ್ದಿ ಹೇಳಬೇಕು. ನೋಡೋಕೆ ಬಿಳಿ, ಗುಣ ಮಾತ್ರ ನಮ್ಮ ಎರೆ ಹೊಲದ್ದೇ. ಒಣಗಿದರೆ ಬಿರಿದು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಚಪ್ಪಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಆದರೆ ಗುಡ್ಡಗಳ ಮೇಲೆ ಏನೂ ಬೇರು ಹಿಡಿಯುವುದಿಲ್ಲ, ಯಾಕಂದರೆ ವರ್ಷಕ್ಕೆ ಸುಮಾರು ಒಂದು ಇಂಚು ಮಣ್ಣು ಕೊಚ್ಚಿ ಹೋಗುತ್ತದಂತೆ. ಒಂದು ಇಂಚು! ಬದು ಹಾಕಿಸೋಕೆ ನೀವು ಎಷ್ಟು ಒದ್ದಾಡಿದ್ದಿರಿ ಅನ್ನೋದು ನನಗೆ ಗೊತ್ತಿದೆಯಲ್ಲ, ಇಲ್ಲಿ ತಡೆಯುವವರೇ ಇಲ್ಲ. ಹಾಗೆ ಕೊಚ್ಚಿ ಹೋದಾಗಲೇ ಒಳಗಿನ ಹಳೇ ಪ್ರಾಣಿಗಳ ಎಲುಬು ಮೇಲೆ ಬರುವುದು. 2010ರಲ್ಲಿ ಏಳು ವರ್ಷದ ಒಬ್ಬ ಹುಡುಗಿ ಪಾರ್ಕ್ ಆಫೀಸಿನ ಹತ್ತಿರವೇ ಕತ್ತಿಹಲ್ಲಿನ ಬೆಕ್ಕಿನಂಥ ಪ್ರಾಣಿಯ ತಲೆಬುರುಡೆ ಕಂಡುಹಿಡಿದಿದ್ದಳು. ಇದು ಕೇಳಿದ್ದೇ ತಡ ಪುಟ್ಟಿ ಬಗ್ಗಿಕೊಂಡೇ ಓಡಾಡಿದಳು. ಸಿಕ್ಕರೂ ಮುಟ್ಟುವ ಹಾಗಿಲ್ಲ, ಜಾಗದ ಫೋಟೋ ತೆಗೆದು ರೇಂಜರ್‌ಗೆ ಹೇಳಬೇಕು ಅಷ್ಟೇ.

ಟೆಂಟ್ ಹಾಕಿದ್ದು ಸೇಜ್ ಕ್ರೀಕ್ ಅನ್ನುವ ಜಾಗದಲ್ಲಿ. ದುಡ್ಡು ಕೊಡಬೇಕಾಗಿಲ್ಲ, ಆದರೆ ನೀರೂ ಇಲ್ಲ, ಎಲ್ಲ ನಾವೇ ಒಯ್ಯಬೇಕು. ಹುಲ್ಲು ಒಣಗಿರುತ್ತದೆ ಅಂತ ಸೌದೆ ಬೆಂಕಿ ಹಚ್ಚುವ ಹಾಗಿಲ್ಲ, ಸಣ್ಣ ಗ್ಯಾಸ್ ಒಲೆ ನಡೆಯುತ್ತದೆ. ಚಹಾ, ಉಪ್ಪಿಟ್ಟು ಅದರಲ್ಲೇ. ರಾತ್ರಿಗೆ ಅವ್ವ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಪಕ್ಕದ ಟೆಂಟಿನವರಿಗೂ ಕೊಟ್ಟೆ, ರೊಟ್ಟಿ ಮುರಿಯುವ ಸದ್ದಿಗೆ ನಕ್ಕರು, ಚಟ್ನಿ ಎರಡನೇ ಸಲ ಕೇಳಿದರು.

ಬೆಳಗ್ಗೆ ಎದ್ದು ನೋಡಿದರೆ ಟೆಂಟುಗಳ ನಡುವೆ ಬೈಸನ್ ಮೇಯುತ್ತಿವೆ. ಹೋರಿಯ ಹಾಗೆ ಹಿಣಿಲು, ತಲೆ ತುಂಬ ಜಡೆ, ದೊಡ್ಡ ಗಂಡು 900 ಕೆಜಿ ತೂಗುತ್ತದಂತೆ. ನೂರು ಗಜ ದೂರ ಇರಬೇಕು ಅಂತ ಬೋರ್ಡ್ ಇದೆ, ಆದರೆ ಅದೇ ಹತ್ತಿರ ಬಂದರೆ ಏನು ಮಾಡೋದು? ಇವರು ಟೆಂಟಿನೊಳಗೆ ಚಹಾ ಕುಡಿಯುತ್ತಾ ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ಕಾಲಕ್ಕೆ ಈ ದೇಶದಲ್ಲಿ ಕೋಟಿಗಟ್ಟಲೆ ಇದ್ದ ಪ್ರಾಣಿ, ಬೇಟೆಯಾಡಿ ಆಡಿ ಕೆಲವು ನೂರಕ್ಕೆ ಇಳಿಸಿದ್ದರು. ಈ ಪಾರ್ಕಿಗೆ ಮತ್ತೆ ತಂದು ಬಿಟ್ಟಿದ್ದು 1963ರಲ್ಲಿ.

ಈಗ ನಿಮ್ಮ ಪ್ರಶ್ನೆ. ಬೆಳೆಯೋಕೆ ನೋಡಿದ್ದರು ಅಪ್ಪ. 1862ರ ಕಾನೂನಿನ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದರೆ 160 ಎಕರೆ ಪುಕ್ಕಟೆ. ಪುಕ್ಕಟೆ ಅಂತ ಜನ ಬಂದರು, ಹುಲ್ಲು ಕಿತ್ತು ಉತ್ತರು. ಮಳೆ ವರ್ಷಕ್ಕೆ 16 ಇಂಚು, ಅಂದರೆ ನಮ್ಮ ಗದಗಕ್ಕಿಂತಲೂ ಕಮ್ಮಿ. 1930ರ ದಶಕದ ಬರದಲ್ಲಿ ಮಣ್ಣು ಗಾಳಿಗೆ ಹಾರಿ ಹೋಯಿತು, ಎಷ್ಟೋ ಜನ ಹೊಲ ಬಿಟ್ಟು ಹೊರಟರು, ಸರ್ಕಾರವೇ ಎಷ್ಟೋ ಹೊಲ ವಾಪಸ್ ಕೊಂಡು ಮತ್ತೆ ಹುಲ್ಲು ಬೆಳೆಸಿತು. ಈಗ ಅದು ಬಫಲೋ ಗ್ಯಾಪ್ ಅಂತ ಸರ್ಕಾರಿ ಹುಲ್ಲುಗಾವಲು.

ಆದರೆ ಪುಕ್ಕಟೆ ಅನ್ನೋದು ಯಾರ ಲೆಕ್ಕದಲ್ಲಿ? ಈ ರಾಜ್ಯದಲ್ಲಿ ಮಿಸೌರಿಯಿಂದ ಪಶ್ಚಿಮಕ್ಕೆ ಇದ್ದದ್ದೆಲ್ಲ ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಮತ್ತು ಅವರ ಸಂಬಂಧಿ ಜನರದ್ದು ಅಂತ 1868ರಲ್ಲಿ ಸರ್ಕಾರವೇ ಒಪ್ಪಂದಕ್ಕೆ ಸಹಿ ಹಾಕಿತ್ತು. ಆಮೇಲೆ ತುಂಡು ತುಂಡಾಗಿ ಕಿತ್ತುಕೊಂಡಿತು. ಅವರಿಗೆ ಅಂತ ಉಳಿಸಿದ್ದ ಪೈನ್ ರಿಡ್ಜ್ ಅನ್ನುವ ಮೀಸಲು ಪ್ರದೇಶದಲ್ಲೂ 1942ರಲ್ಲಿ ವಿಮಾನಗಳ ಬಾಂಬ್ ತಾಲೀಮಿಗೆ ಅಂತ 3.4 ಲಕ್ಷ ಎಕರೆ ತಗೊಂಡು, ಇದ್ದ ಕುಟುಂಬಗಳನ್ನು ಎಬ್ಬಿಸಿದರು. ಪಾರ್ಕಿನ ದಕ್ಷಿಣ ಭಾಗ ಆ ನೆಲದಲ್ಲೇ ಇದೆ. ಬಾಗಲಕೋಟೆ ಅತ್ತೆಯವರ ಹೊಲ ಮುಳುಗಡೆಯಾದಾಗ ನೀವು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದು ನೆನಪಾಗಿ ಅಲ್ಲಿ ಫೋಟೋ ತೆಗೆಯೋಕೂ ಮನಸ್ಸಾಗಲಿಲ್ಲ.

ಇನ್ನೊಂದು ವಿಚಿತ್ರ. ಹುಲ್ಲಿನ ನಡುವೆ ತಂತಿ ಬೇಲಿ, ಒಳಗೆ ನೆಲದಲ್ಲಿ ಒಂದು ಆಳವಾದ ಗುಂಡಿ, ಅದರೊಳಗೆ ಕ್ಷಿಪಣಿ! ರಷ್ಯಾದ ಕಡೆ ಹಾರಿಸೋಕೆ ಅಂತ ಈ ರಾಜ್ಯದಲ್ಲಿ ಇಂಥವು 150 ಹೂತಿಟ್ಟಿದ್ದರು. ದನ ಕಾಯುವವರ ಮನೆ ಪಕ್ಕದಲ್ಲೇ ಅಣುಬಾಂಬು. 1991ರ ಒಪ್ಪಂದ ಆದಮೇಲೆ ತೆಗೆದುಹಾಕಿ, ಜನ ನೋಡಲಿ ಅಂತ ಒಂದನ್ನು ಬಾಂಬಿಲ್ಲದೆ ಉಳಿಸಿ ಮೇಲೆ ಗಾಜು ಮುಚ್ಚಿದ್ದಾರೆ. ಹಾಗಾಗಿ ಏನು ಬೆಳೀತಾರೆ ಅಂದರೆ ಇದನ್ನೂ ಸೇರಿಸಿಕೊಳ್ಳಿ.

ಫೋಟೋಗಳನ್ನು ತಮ್ಮನ ವಾಟ್ಸ್ಯಾಪ್‌ಗೆ ಕಳಿಸಿದ್ದೇನೆ, ಟಿವಿಗೆ ಹಾಕಿ ತೋರಿಸು ಅಂತ ಹೇಳಿ. ಹೆಸರು ಕಾಯಿ ಕಟ್ಟಿದೆಯಾ? ಈ ಸಲವಾದರೂ ಬಿಡಿಸುವ ಹೊತ್ತಿಗೆ ಮಳೆ ಹಿಡಿಯದಿದ್ದರೆ ಸಾಕು. ಅವ್ವ, ಮೊಣಕಾಲಿಗೆ ಡಾಕ್ಟರ್ ಹತ್ತಿರ ಹೋಗು, ನಾಳೆ ನಾಳೆ ಅನ್ನಬೇಡ. ದಸರೆಗೆ ಬರುವವರು ಯಾರಾದರೂ ಇದ್ದರೆ ರೊಟ್ಟಿ ಜೊತೆ ಅಗಸಿ ಚಟ್ನಿಯನ್ನೂ ಕಳಿಸು.

ನಿಮ್ಮ ಮಗಳು