ಶರತ್ಕಾಲದ ಹಬ್ಬಕ್ಕೆ ಬಾಗಿಲಿಗೆ ಹೋಗಿ ಕರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೇನ ದಿನಾ ಬೆಳಿಗ್ಗೆ ಫೋನಲ್ಲೇ ಓದ್ತೀನಿ, ಓದುಗರ ಪತ್ರ ಅಂತೂ ಬಿಡೋದೇ ಇಲ್ಲ, ಆದ್ರೆ ನಾನೇ ಬರೀತಿರೋದು ಇದೇ ಮೊದಲು. ಸೆಪ್ಟೆಂಬರ್ ಮುಗೀತಾ ಬಂತು ಅಂದ್ರೆ ನಮ್ಮ ಚರ್ಚಲ್ಲಿ ಶರತ್ಕಾಲದ ಹಬ್ಬದ ಮಾತು ಶುರುವಾಗುತ್ತೆ, ಸುಗ್ಗಿಯ ಸ್ತೋತ್ರಾರ್ಪಣೆ, ಆಮೇಲೆ ಎಲ್ಲರೂ ಸೇರಿ ಊಟ, ಮಕ್ಕಳ ಆಟ, ಕ್ವೈರ್ ಹಾಡು. ಈ ಸಲದ ಮೀಟಿಂಗಲ್ಲಿ ಒಂದೂವರೆ ಗಂಟೆ ಡೆಕೊರೇಷನ್ ಬಗ್ಗೆನೇ ಮಾತಾಯ್ತು, ಸ್ಟೇಜ್ ಯಾವ ಕಡೆ, ಲೈಟ್ ಯಾವ ಬಣ್ಣ, ಫೋಟೋ ತೆಗೆಸ್ಕೊಳ್ಳೋಕೆ ಬೇರೆ ಜಾಗ ಬೇಕಾ ಬೇಡ್ವಾ. ಯಾರನ್ನ ಕರೀಬೇಕು ಅನ್ನೋದು ಬಂದಿದ್ದು ಕೊನೇ ಐದು ನಿಮಿಷದಲ್ಲಿ, ಅದೂ "ಭಾನುವಾರ ಅನೌನ್ಸ್ ಮಾಡಿದ್ರಾಯ್ತು, ಬರೋರು ಬರ್ತಾರೆ" ಅಂತ ಒಂದೇ ಮಾತಲ್ಲಿ ಮುಗೀತು. ಯಾರೂ ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಎಲ್ಲರಿಗೂ ಮನೆಗೆ ಹೋಗೋ ಹೊತ್ತಾಗಿತ್ತು. ಆದ್ರೂ ಆ ಮಾತು ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ, ಯಾಕಂದ್ರೆ ಹಾಗೆ ಅನೌನ್ಸ್ ಮಾಡಿದಾಗ ಬರದೇ ಉಳಿದೋರಲ್ಲಿ ನಮ್ಮಮ್ಮನೂ ಒಬ್ರಾಗಿದ್ರು.

ಅಪ್ಪ ತೀರಿಕೊಂಡ ವರ್ಷ ಅದು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಇಬ್ರೂ ಜೊತೇಲೇ ಹೋಗಿ ಅದೇ ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂತು ಊಟ ಮಾಡಿ ಬರ್ತಿದ್ರು. ನಾನಾಗ ಕೆಲಸದ ಮೇಲೆ ಬೇರೆ ಊರಲ್ಲಿದ್ದೆ. ಫೋನ್ ಮಾಡಿ ಹಬ್ಬಕ್ಕೆ ಹೋಗಿದ್ಯಾ ಅಮ್ಮಾ ಅಂತ ಕೇಳಿದ್ರೆ, "ಇಲ್ಲ ಕಣೇ, ಅಲ್ಲಿ ಎಲ್ಲಾ ಟೇಬಲ್ಲೂ ಫ್ಯಾಮಿಲಿ ಫ್ಯಾಮಿಲಿಯಾಗಿ ತುಂಬಿರುತ್ತೆ, ನಾನು ಯಾವ ಟೇಬಲ್ ಹತ್ರ ಹೋಗಿ ನಿಂತ್ಕೊಳ್ಳಲಿ" ಅಂದ್ರು. ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಅವತ್ತು ಚರ್ಚಲ್ಲಿ ಯಾರೂ ಅವರನ್ನ ಬರಬೇಡಿ ಅಂದಿರ್ಲಿಲ್ಲ, ಬಾಗಿಲು ತೆರೆದೇ ಇತ್ತು. ಆದ್ರೆ ಗಂಡನ್ನ ಕಳ್ಕೊಂಡ ಒಬ್ಬ ಹೆಂಗಸಿಗೆ ಆ ತೆರೆದ ಬಾಗಿಲು ದಾಟೋದು ಎಷ್ಟು ಕಷ್ಟ ಅಂತ ಒಳಗೆ ಕೂತಿರೋರಿಗೆ ಗೊತ್ತಾಗಲ್ಲ, ನನಗೂ ಅಲ್ಲೀವರೆಗೆ ಗೊತ್ತಿರ್ಲಿಲ್ಲ.

ಮುಂದಿನ ವರ್ಷ ಕ್ವೈರಲ್ಲಿ ಹಾಡೋ ಒಬ್ರು ಆಂಟಿ ಮನೆಗೇ ಬಂದ್ರು. ಹಬ್ಬಕ್ಕೆ ಬನ್ನಿ ಅಂತ ಕರೆಯೋಕೆ ಬಂದಿದ್ದಲ್ಲ, ಕೆಲಸ ಕೇಳೋಕೆ ಬಂದಿದ್ದು. ನಮ್ಮಮ್ಮ ಸ್ಕೂಲಲ್ಲಿ ಬಯಾಲಜಿ ಹೇಳಿಕೊಡ್ತಿದ್ದೋರು. "ಸಂಡೇ ಸ್ಕೂಲ್ ಮಕ್ಕಳು ಉದುರಿದ ಎಲೆ ಆರಿಸ್ಕೊಂಡು ಬರ್ತಾರೆ, ಇದ್ಯಾಕೆ ಕೆಂಪು ಅದ್ಯಾಕೆ ಹಳದಿ ಅಂತ ಕೇಳಿ ಕೇಳಿ ತಲೆ ತಿಂತಾರೆ, ನಮಗ್ಯಾರಿಗೂ ಹೇಳೋಕೆ ಬರಲ್ಲ, ಶನಿವಾರ ನಾಲ್ಕು ಗಂಟೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದ್ರು. ಇಲ್ಲ ಅನ್ನೋಕೆ ಅಮ್ಮನಿಗೆ ಜಾಗವೇ ಬಿಡಲಿಲ್ಲ.

ಆ ಶನಿವಾರ ಅಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದನ್ನ ಆಮೇಲೆ ನನ್ನ ಮಗಳಿಗೂ ಎಷ್ಟೋ ಸಲ ಹೇಳಿದಾರೆ, ಅವಳ ಬಾಯಲ್ಲೂ ಈಗ ಅದೇ ಪಾಠ. ಎಲೆ ಹಸಿರಾಗಿರೋದು ಕ್ಲೋರೋಫಿಲ್‌ನಿಂದ, ಬಿಸಿಲಿರೋವರೆಗೂ ಗಿಡ ಅದನ್ನ ಹೊಸದಾಗಿ ಮಾಡ್ಕೊಳ್ತಾನೇ ಇರುತ್ತೆ. ಹಗಲು ಚಿಕ್ಕದಾಗಿ ಚಳಿ ಶುರುವಾಯ್ತು ಅಂದ್ರೆ ಮಾಡೋದು ನಿಲ್ಲಿಸುತ್ತೆ, ಇದ್ದಿದ್ದೂ ಒಡೆದು ಹೋಗುತ್ತೆ. ಆಗ ಕಾಣೋ ಹಳದಿ, ಕಿತ್ತಳೆ ಇದ್ಯಲ್ಲ, ಅದು ಹೊಸದಾಗಿ ಬಂದಿದ್ದಲ್ಲ, ಕೆರೋಟಿನಾಯ್ಡ್ ಅಂತ, ಬೇಸಿಗೆ ಪೂರ್ತಿ ಎಲೆ ಒಳಗೇ ಇತ್ತು, ಹಸಿರಿನ ಅಡೀಲಿ ಕಾಣ್ತಿರ್ಲಿಲ್ಲ ಅಷ್ಟೇ. ಕೆಂಪು ಮಾತ್ರ ಬೇರೆ, ಆಂಥೋಸಯನಿನ್, ಮೇಪಲ್ ಥರದ ಮರಗಳು ಅದನ್ನ ಶರತ್ಕಾಲದಲ್ಲೇ ಹೊಸದಾಗಿ ಮಾಡ್ಕೊಳ್ತವೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತೆ, ಆ ಜಾಗ ಗಾಯ ಆಗದಂಗೆ ಮರವೇ ಮುಚ್ಕೊಳ್ಳುತ್ತೆ. ಮಕ್ಕಳು ಬಾಯಿ ಬಿಟ್ಕೊಂಡು ಕೇಳಿದ್ವಂತೆ. ಭಾನುವಾರ ಊಟಕ್ಕೆ ಅಮ್ಮ ಯಾವ ಟೇಬಲ್ಲು ಅಂತ ಹುಡುಕಬೇಕಾಗೇ ಬರಲಿಲ್ಲ, ನಾಲ್ಕು ಮಕ್ಕಳು ಕೈ ಹಿಡ್ಕೊಂಡು ಎಳ್ಕೊಂಡು ಹೋಗಿ ಕೂರಿಸಿದ್ವಂತೆ, ಒಂದು ಹುಡುಗಿ ಊಟ ಮುಗಿಯೋವರೆಗೂ ಮಡಿಲಿಂದ ಇಳೀಲೇ ಇಲ್ವಂತೆ.

ಇದನ್ನ ಯೋಚನೆ ಮಾಡ್ತಾ ಬೈಬಲಲ್ಲಿ ಸುಗ್ಗಿ ಹಬ್ಬದ ಬಗ್ಗೆ ಏನಿದೆ ಅಂತ ಮತ್ತೆ ಓದಿದೆ. ಕಣದ ಕಾಳು ಒಳಗೆ ಬಂದು ದ್ರಾಕ್ಷಾರಸ ತುಂಬಿಸಿಟ್ಟ ಮೇಲೆ ಏಳು ದಿನ ಪರ್ಣಶಾಲೆಗಳ ಹಬ್ಬ ಮಾಡ್ಬೇಕು ಅಂತ ಧರ್ಮೋಪದೇಶಕಾಂಡದ 16ನೇ ಅಧ್ಯಾಯದಲ್ಲಿದೆ. ಅಲ್ಲಿ ಯಾರ್ಯಾರು ಸಂಭ್ರಮ ಪಡಬೇಕು ಅಂತ ಒಬ್ಬೊಬ್ಬರನ್ನೇ ಹೇಳಿದೆ. ನೀನು, ನಿನ್ನ ಮಗ, ಮಗಳು, ಮನೆಯ ಆಳು ಗಂಡಾಗಲಿ ಹೆಣ್ಣಾಗಲಿ, ಇವರು ಮನೆಯೋರು. ಆಮೇಲೆ ದೇವರ ಸೇವೆ ಮಾಡೋ, ಸ್ವಂತ ಜಮೀನಿಲ್ಲದ ಲೇವಿಯ, ಪರದೇಶಿ, ತಂದೆ ಇಲ್ಲದ ಮಗು, ವಿಧವೆ. ಮನೆಯೋರು ಐದು ಥರ, ಹೊರಗಿನೋರು ನಾಲ್ಕು ಥರ, ಹೆಚ್ಚುಕಮ್ಮಿ ಅರ್ಧರ್ಧ! ಇಲ್ಲಿ ಡೆಕೊರೇಷನ್ ಬಗ್ಗೆ ಒಂದು ಮಾತೂ ಇಲ್ಲ, ಇರೋದೆಲ್ಲ ಪಕ್ಕದಲ್ಲಿ ಯಾರು ಕೂತಿರ್ಬೇಕು ಅನ್ನೋದೇ. ಯಾಜಕಕಾಂಡದ 23ನೇ ಅಧ್ಯಾಯದಲ್ಲೂ ಹಬ್ಬಗಳ ವಿಷಯ ಹೇಳ್ತಾ ಮಧ್ಯದಲ್ಲೇ ಹೊಲದ ಅಂಚನ್ನ ಪೂರ್ತಿ ಕೊಯ್ಯಬೇಡ, ಬಡವನಿಗೂ ಪರದೇಶಿಗೂ ಬಿಡು ಅಂತ ಬರುತ್ತೆ.

ಬೈಬಲಲ್ಲೇ ಬರೋ ರೂತಳ ಕಥೆ ನಡೆಯೋದು ಜವೆಗೋಧಿ ಕೊಯ್ಲಲ್ಲಿ, ಶರತ್ಕಾಲ ಅಲ್ಲ, ಅದು ಗೊತ್ತು. ಆದ್ರೂ ಅದನ್ನ ಬಿಡೋಕೆ ಮನಸ್ಸಾಗ್ತಿಲ್ಲ. ಗಂಡ ಸತ್ತ, ಪರದೇಶದಿಂದ ಬಂದ ಹೆಂಗಸು ಬೋವಜ ಅನ್ನೋನ ಹೊಲದಲ್ಲಿ ಹಕ್ಕಲಾಯೋಕೆ, ಅಂದ್ರೆ ಕೊಯ್ಯೋರು ಬಿಟ್ಟ ತೆನೆ ಆರಿಸ್ಕೊಳ್ಳೋಕೆ ಬರ್ತಾಳೆ. ಅವನು ಊಟದ ಹೊತ್ತಿಗೆ ಅವಳನ್ನ ಕರೆದು ಕೊಯ್ಯೋರ ಜೊತೇಲೇ ಕೂರಿಸ್ತಾನೆ, ಅವಳು ಹೊಟ್ಟೆ ತುಂಬ ತಿಂದು ಉಳಿಸ್ಕೋತಾಳೆ. ಆಮೇಲೆ ಆಳುಗಳಿಗೆ ಹೇಳ್ತಾನೆ, ಕಂತೆಯಿಂದ ಬೇಕಂತಲೇ ಸ್ವಲ್ಪ ತೆನೆ ಎಳೆದು ಬೀಳಿಸಿ, ಅವಳು ಆಯ್ಕೊಳ್ಳಲಿ, ಗದರಿಸಬೇಡಿ ಅಂತ. ಮೂಟೆ ಕಟ್ಟಿ ಕೈಗೆ ಕೊಟ್ಟು ಕಳಿಸಬಹುದಿತ್ತು, ಹಾಗೆ ಮಾಡ್ಲಿಲ್ಲ. ಆ ಕ್ವೈರ್ ಆಂಟಿ ಅಮ್ಮನಿಗೆ ಮಾಡಿದ್ದೂ ಇದೇ ಅಲ್ವಾ.

ಈಗ ನಾವು ನೋಡೋ ಥರದ ಚರ್ಚ್ ಸುಗ್ಗಿ ಹಬ್ಬ ಅಷ್ಟೇನೂ ಹಳೇದಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಲ್ಲಿ ಮಾರ್ವೆನ್‌ಸ್ಟೋ ಅಂತ ಸಮುದ್ರದಂಚಿನ ಒಂದು ಹಳ್ಳಿ, ಅಲ್ಲಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ 1843ರಲ್ಲಿ ಊರೋರನ್ನೆಲ್ಲ ಸುಗ್ಗಿಯ ಆರಾಧನೆಗೆ ಕರೆದು, ಹೊಸ ಬೆಳೆಯ ರೊಟ್ಟಿಯನ್ನೇ ಯೇಸುವಿನ ಕೊನೇ ಊಟದ ನೆನಪಿಗೆ ಮಾಡೋ ಪ್ರಭುಭೋಜನಕ್ಕೆ ಇಟ್ಟರು, ಅಲ್ಲಿಂದ ಇದು ಬೇರೆ ಬೇರೆ ಚರ್ಚ್‌ಗಳಿಗೆ ಹಬ್ಬಿತು. ನನಗೆ ಇಷ್ಟವಾಗೋದು ಅವರ ಇನ್ನೊಂದು ಕೆಲಸ, ಆ ಕಡಲಲ್ಲಿ ಹಡಗು ಒಡೆದು ಸತ್ತ ನಾವಿಕರ ಹೆಣ ದಡಕ್ಕೆ ಬಂದ್ರೆ, ಹೆಸರೂ ಗೊತ್ತಿಲ್ಲದ ಆ ಜನರನ್ನ ಮೇಲಕ್ಕೆ ಹೊರಿಸಿ ತಂದು ತಮ್ಮ ಚರ್ಚಿನ ಅಂಗಳದಲ್ಲೇ ಮಣ್ಣು ಮಾಡಿಸ್ತಿದ್ರು. ಯಾರೂ ಇಲ್ಲದೋರನ್ನ ತನ್ನೋರು ಅಂದ್ಕೊಂಡ ಮನುಷ್ಯನೇ ಈ ಹಬ್ಬಕ್ಕೂ ಊರನ್ನ ಕರೆದದ್ದು.

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್, ಅಂದ್ರೆ ಕೃತಜ್ಞತೆಯ ಹಬ್ಬ, ಎಲ್ಲರಿಗೂ ಗೊತ್ತು, ನವೆಂಬರ್‌ನ ನಾಲ್ಕನೇ ಗುರುವಾರ, ಕೆನಡಾದಲ್ಲಿ ಅಕ್ಟೋಬರ್‌ನ ಎರಡನೇ ಸೋಮವಾರ. ಅಮೆರಿಕದ ಹಬ್ಬದ ಮೂಲ ಅಂತ ಹೇಳೋ, 1621ರಲ್ಲಿ ಅಲ್ಲಿನ ಪ್ಲಿಮತ್‌ನಲ್ಲಿ ಮೂರು ದಿನ ನಡೆದ ಊಟದಲ್ಲಿ ಇಂಗ್ಲೆಂಡಿಂದ ವಲಸೆ ಬಂದೋರು ಐವತ್ತು ಜನ ಇದ್ರೆ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಸುಮಾರು ತೊಂಬತ್ತು, ಹಿಂದಿನ ಚಳಿಗಾಲದಲ್ಲಿ ವಲಸಿಗರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತೇ ಹೋಗಿದ್ರು. ಆ ಮೂಲನಿವಾಸಿಗಳಿಗೆ ಆಮೇಲೆ ಆದದ್ದು ದೊಡ್ಡ ಅನ್ಯಾಯ, 1970ರಿಂದ ಅದೇ ದಿನ ಪ್ಲಿಮತ್‌ನಲ್ಲಿ ಅವರ ವಂಶದೋರು ಸೇರಿ ಶೋಕದ ದಿನ ಆಚರಿಸ್ತಾರೆ, ಹಬ್ಬದ ಮಾತಾಡುವಾಗ ಅದನ್ನ ಬಿಟ್ಟು ಮಾತಾಡೋದು ಸರಿಯಲ್ಲ. ಥ್ಯಾಂಕ್ಸ್‌ಗಿವಿಂಗನ್ನ ಇಡೀ ದೇಶದ ಹಬ್ಬ ಮಾಡಿ ಅಂತ ವರ್ಷಗಟ್ಟಲೆ ಪತ್ರ ಬರೆದೋರು ಸಾರಾ ಜೋಸೆಫಾ ಹೇಲ್, ಗಂಡ ಸತ್ತ ಮೇಲೆ ಐದು ಮಕ್ಕಳನ್ನ ಸಾಕಿದ ತಾಯಿ. 1863ರಲ್ಲಿ ಅಂತರ್ಯುದ್ಧದ ಮಧ್ಯದಲ್ಲಿ ಲಿಂಕನ್ ಹೊರಡಿಸಿದ ಘೋಷಣೆಯಲ್ಲಿ, ಕೃತಜ್ಞತೆ ಹೇಳೋದರ ಜೊತೆಗೆ ವಿಧವೆಯರನ್ನ, ಅನಾಥರನ್ನ, ದುಃಖದಲ್ಲಿರೋರನ್ನ ದೇವರ ಕೈಗೆ ಒಪ್ಪಿಸಿ ಅಂತಾನೂ ಕೇಳ್ಕೊಂಡಿದಾರೆ. ಅಂದ್ರೆ ದುಃಖದಲ್ಲಿರೋರು ಈ ಹಬ್ಬಕ್ಕೆ ಹೊರಗಿನೋರಲ್ಲ, ಮೊದಲಿಂದಾನೂ ಒಳಗೇ ಇದ್ದೋರು.

ಚರ್ಚ್ ಕ್ಯಾಲೆಂಡರ್ ನೋಡಿದ್ರೂ ಹಾಗೇ ಇದೆ, ನವೆಂಬರ್ 1 ಸಕಲ ಸಂತರ ಹಬ್ಬ, ಮಾರನೇ ದಿನ ಮೃತರ ಸ್ಮರಣೆ. ನಮ್ಮಲ್ಲಿ ಎರಡು ವರ್ಷದಿಂದ ಸುಗ್ಗಿ ಊಟಕ್ಕೆ ಮುಂಚೆ ಆ ವರ್ಷ ತೀರಿಕೊಂಡೋರ ಹೆಸರು ಓದ್ತಾರೆ. ಮೊದಲ ಸಲ ಕೆಲವರು ಬೇಡ ಅಂದ್ರು, ಹಬ್ಬದ ದಿನ ಅಳು ಯಾಕೆ ಅಂತ. ಅತ್ತರು, ನಿಜ. ಆದ್ರೆ ಅತ್ತೋರು ಎದ್ದು ಹೋಗಲಿಲ್ಲ, ಸಂಜೆವರೆಗೂ ಕೂತು ಮಾತಾಡಿಕೊಂಡಿದ್ರು.

ಅದಕ್ಕೇ ಬೇರೆ ಚರ್ಚ್‌ನೋರಿಗೂ ನಿಮ್ಮ ಮೂಲಕ ನನ್ನ ಮನವಿ. ಮೈಕಲ್ಲಿ ಹೇಳೋದು ಸಾಕಾಗಲ್ಲ, ದಯವಿಟ್ಟು ಮನೆ ಬಾಗಿಲಿಗೆ ಹೋಗಿ ಕರೀರಿ, ಹೋಗೋಕೆ ಆಗದಿದ್ರೆ ಫೋನಾದ್ರೂ ಮಾಡಿ, ಗ್ರೂಪಿಗೆ ಮೆಸೇಜ್ ಹಾಕಿದ್ದು ಕರೆದಂಗಲ್ಲ. ಕರೆಯುವಾಗ ಒಂದು ಕೆಲಸ ಒಪ್ಪಿಸಿ, ಸಣ್ಣದಾದ್ರೂ ಪರವಾಗಿಲ್ಲ, ಅವರು ಬರದಿದ್ರೆ ನಿಜವಾಗಲೂ ಕೊರತೆ ಆಗೋ ಕೆಲಸ ಆಗಿರ್ಬೇಕು. ಊಟ ಸಂಜೆ ಇಡಬೇಡಿ, ಆರಾಧನೆ ಮುಗಿದ ಮೇಲೆ ಮಧ್ಯಾಹ್ನಾನೇ ಇಡಿ. ಸೆಪ್ಟೆಂಬರ್ 22, 23ರ ಹೊತ್ತಿಗೆ ಹಗಲು ರಾತ್ರಿ ಸಮ ಆಗಿ ಅಲ್ಲಿಂದ ಮುಂದೆ ಕತ್ತಲೇ ಜಾಸ್ತಿ. ಹಿಂದೆ ಆ ಹೊತ್ತಿನ ಹುಣ್ಣಿಮೇಲಿ ಕೆಲವು ದಿನ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಚಂದ್ರ ಬರ್ತಿದ್ರಿಂದ ರೈತರು ಬೆಳದಿಂಗಳಲ್ಲೇ ಕೊಯ್ಲು ಮುಂದುವರಿಸ್ತಿದ್ರು, ಸುಗ್ಗಿ ಚಂದ್ರ ಅನ್ನೋ ಹೆಸರೇ ಹಾಗೆ ಬಂದಿದ್ದು. ಈಗ ರಾತ್ರಿ ಗಾಡಿ ಓಡಿಸೋಕೆ ಕಣ್ಣು ಸಾಲದ ಹಿರಿಯರು ಕತ್ತಲಾಯ್ತು ಅಂತ ಮನೇಲೇ ಉಳೀತಾರೆ. ಟೇಬಲ್ ಮೇಲೆ ಫ್ಯಾಮಿಲಿ ಹೆಸರಿನ ಚೀಟಿ ಇಡೋದನ್ನೂ ಬಿಡಿ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಗೆಳೆಯರು, ಬೇರೆ ಧರ್ಮದೋರು, ಹೊಸದಾಗಿ ಬಂದಿರೋ ಸ್ಟೂಡೆಂಟ್ಸ್, ನೈಟ್ ಶಿಫ್ಟ್ ಮುಗಿಸಿ ಬರೋರು, ಎಲ್ಲರೂ ಕಲೆತು ಕೂರಲಿ. ಮಕ್ಕಳಿಗೆ ಬಿಟ್ಟರೆ ಅವೇ ಕೂರಿಸ್ತವೆ, ದೊಡ್ಡೋರ ಥರ ಯೋಚನೆ ಮಾಡಲ್ಲ.

ಇನ್ನು ಹಾಸಿಗೆ ಹಿಡಿದೋರ ವಿಷಯ. ಅವರ ಮನೆಗೆ ಊಟ ಕಳಿಸ್ತೀವಿ, ಬಾಗಿಲಲ್ಲಿ ಕೊಟ್ಟು ಬರ್ತೀವಿ. ಕೊಟ್ಟೋರು ಅರ್ಧ ಗಂಟೆ ಕೂತು ಅವರ ಜೊತೇಲೇ ಊಟ ಮಾಡಿ ಬಂದ್ರೆ ಎಷ್ಟು ಚೆನ್ನಾಗಿರುತ್ತೆ. ಬಲಿಪೀಠದ ಮುಂದೆ ಇಟ್ಟ ಕಾಳು, ಹಣ್ಣು, ತರಕಾರಿ ಕೂಡ ಅದೇ ವಾರ ಬೇಕಾದೋರ ಮನೆ ಸೇರಲಿ, ಬಾಡಿ ಹೋಗೋವರೆಗೆ ಅಲಂಕಾರ ಅಂತ ಇಟ್ಕೊಳ್ಳೋದು ಬೇಡ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಹಬ್ಬದ ಸುದ್ದಿ ಹಾಕುವಾಗ ಸ್ಟೇಜ್ ಮೇಲೆ ಸಾಲಾಗಿ ನಿಂತೋರ ಫೋಟೋ ಜೊತೆಗೆ ಊಟದ ಟೇಬಲ್ಲಿನ ಫೋಟೋನೂ ಹಾಕಿ. ಹಬ್ಬಕ್ಕೆ ಮುಂಚಿನ ವಾರ "ಒಬ್ಬರೇ ಇದ್ದೀರಾ, ನಮ್ಮಲ್ಲಿಗೆ ಬನ್ನಿ" ಅಂತ ಯಾವ ಚರ್ಚ್‌ನೋರಾದ್ರೂ, ಯಾವ ಮನೆಯೋರಾದ್ರೂ ಹಾಕ್ಕೊಳ್ಳೋಕೆ ಒಂದು ಸಣ್ಣ ಜಾಗ ಬಿಡೋಕಾಗುತ್ತಾ ನೋಡಿ.

ನಮ್ಮ ಮೀಟಿಂಗಿನ ಮಾರನೇ ದಿನ ನಾನು ಆ ಆಂಟಿಗೆ ಫೋನ್ ಮಾಡಿ ಮಾತಾಡಿದೆ, ಇಬ್ರೂ ಸೇರಿ ಹದಿನಾಲ್ಕು ಮನೆ ಗುರುತು ಹಾಕ್ಕೊಂಡಿದೀವಿ, ಈ ಶನಿವಾರದಿಂದ ಶುರು. ಪ್ರತಿ ಮನೆಗೂ ಮಕ್ಕಳು ಒಂದೊಂದು ಒಣಗಿಸಿದ ಎಲೆ ಕೊಟ್ಟು ಕರೀತಾರೆ. ಅಮ್ಮ ಈಗಾಗಲೇ ಎಲೆ ಒತ್ತಿ ಇಡೋಕೆ ಶುರು ಮಾಡಿದಾರೆ, ಯಾರೋ ಬರುವಾಗ ತಂದುಕೊಟ್ಟ ನಿಮ್ಮ ಪತ್ರಿಕೆಯ ಹಳೇ ಹಾಳೆಗಳ ಮಧ್ಯೆ, ಮೇಲೆ ಅಪ್ಪನ ದಪ್ಪ ಡಿಕ್ಷನರಿ ಇಟ್ಟು.

ಇಂತಿ,
ನಿಮ್ಮ ಖಾಯಂ ಓದುಗರಲ್ಲೊಬ್ಬಳು