"ನಂಬರ್ ಹೇಳ್ರಿ": ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸೂಪರ್ ಮಾರ್ಕೆಟ್ ಕಡೆಯ ಎಷ್ಟೋ ಅಂಗಡಿಗಳಲ್ಲಿ ಬಿಲ್ಲಿಗೆ ನಿಂತವರಿಗೆ ಎದುರಾಗುವ ಮೊದಲ ಮಾತು "ನಂಬರ್ ಹೇಳ್ರಿ". ಕೊಡಲ್ಲ ಎಂದರೆ ಕೌಂಟರಿನ ಹುಡುಗ ಹತ್ತು ಒಂಬತ್ತುಗಳನ್ನು ಒತ್ತಿ ಬಿಲ್ ತೆಗೆಯುತ್ತಾನೆ, ಇಲ್ಲವೇ "ನಂಬರ್ ಇಲ್ದೆ ಸಾಫ್ಟ್‌ವೇರ್ ಮುಂದ ಹೋಗಲ್ರಿ" ಎನ್ನುತ್ತಾನೆ. ಹೀಗೆ ಒತ್ತಾಯ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ತಿಳಿಸಿದೆ. ಸರಿಪಡಿಸುವುದೂ ಕಷ್ಟವಲ್ಲ: ಬಿಲ್ಲಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ನಂಬರ್ ಕಡ್ಡಾಯ ಎಂಬ ಗುರುತು ತೆಗೆಸಬೇಕು, ಅಷ್ಟೇ. ಅಂಗಡಿಯವರಿಗೆ ಇದನ್ನು ಹೇಳಿದವರಿಲ್ಲ.

ನಾವು ಈ ಊರಿನ ಅಂಗಡಿ, ದಾಲ್ ಮಿಲ್, ಕೋಚಿಂಗ್ ಸೆಂಟರುಗಳ ಲೆಕ್ಕಪತ್ರ, ಲೇಬಲ್, ಲೈಸೆನ್ಸಿನ ಕೆಲಸ ನೋಡುವವರು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಗ್ರಾಹಕರ ಮಾಹಿತಿ ಪಡೆಯುವ ಮುನ್ನ ಕೊಡುವ ಸೂಚನೆಯನ್ನು ಕನ್ನಡದಲ್ಲೂ ಓದಲು ಅವಕಾಶ ಇರಬೇಕೆಂಬ ನಿಯಮ ಮಾತ್ರ ಯಾರ ಕಿವಿಗೂ ಬಿದ್ದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಆ ಅಧಿಸೂಚನೆಯಂತೆ ವ್ಯಾಪಾರಿಗಳ ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿಂದ ಜಾರಿ. ಉದ್ರಿ ಪುಸ್ತಕದಲ್ಲಿ ಪೆನ್ನಿನಿಂದ ಬರೆದಿಟ್ಟಿದ್ದು ಈ ಕಾಯ್ದೆಗೆ ಬರುವುದಿಲ್ಲ. ಅದೇ ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟರೆ ಬರುತ್ತದೆ. ಏನು ಮಾಹಿತಿ, ಯಾಕೆ ಬೇಕು, ಒಪ್ಪಿಗೆ ವಾಪಸ್ ಪಡೆಯುವುದು ಹೇಗೆ, ದೂರು ಎಲ್ಲಿಗೆ ಎಂಬುದನ್ನು ಬೇರೆ ಷರತ್ತುಗಳ ಜೊತೆ ಕಲಸದೆ ತಿಳಿಸಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಕೇಳಿದರೂ ಓದಲು ಸಿಗಬೇಕು. ನಮ್ಮ ಊರಿಗೆ ಕನ್ನಡ ಮತ್ತು ಉರ್ದು ಎರಡೂ ತೀರಾ ಅಗತ್ಯ. ಮಾಹಿತಿ ಸೋರಿಕೆಯಾದರೆ ಆ ಗ್ರಾಹಕರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ಪೂರ್ಣ ವಿವರ ಕೊಡಬೇಕು.

ನಿಮ್ಮ ಕಚೇರಿಗೆ ಬರುವ ಜನ ಅರ್ಜಿ ಹಾಕಿಸುವ ಝೆರಾಕ್ಸ್ ಅಂಗಡಿಗಳನ್ನೇ ನೋಡಿ. ಗ್ರಾಹಕ ಆಧಾರ್ ಮತ್ತು ಪಾಸ್‌ಬುಕ್ ಫೋಟೊಗಳನ್ನು ವಾಟ್ಸಾಪ್ ಮಾಡುತ್ತಾನೆ. ಅವು ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿಗೆ ಬೀಳುತ್ತವೆ. ಪ್ರಿಂಟ್ ಆದ ಮೇಲೆ ಕೆಲಸ ಮುಗಿಯಿತು, ಫೈಲು ಮಾತ್ರ ವರ್ಷಗಟ್ಟಲೆ ಅಲ್ಲೇ. ಉದ್ದೇಶ ಮುಗಿದ ಮೇಲೆ ಅಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಸಂಜೆ ಶಟರ್ ಎಳೆಯುವ ಮುನ್ನ ಡೌನ್‌ಲೋಡ್ ಫೋಲ್ಡರು, ರೀಸೈಕಲ್ ಬಿನ್ನು, ಫೋನಿನೊಳಗಿನ ವಾಟ್ಸಾಪ್ ಚಿತ್ರಗಳು ಮೂರನ್ನೂ ಖಾಲಿ ಮಾಡಿ, ವಾಟ್ಸಾಪ್ ವೆಬ್ ಲಾಗೌಟ್ ಮಾಡಬೇಕು. ಮೊದಲನೆಯದನ್ನು ಅಳಿಸಿ ಉಳಿದೆರಡನ್ನು ಮರೆಯುವುದೇ ಸಾಮಾನ್ಯ ತಪ್ಪು. ಆಧಾರಿನ ಪೂರ್ತಿ ಸಂಖ್ಯೆ ಬೇಡದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಇದನ್ನು ಸರ್ಕಾರಿ ಕಚೇರಿಗಳ ವಾಟ್ಸಾಪ್ ಗ್ರೂಪುಗಳಿಗೂ ಹೇಳಬೇಕಾದೀತು, ಆ ಮಾತು ಇನ್ನೊಂದು ದಿನ.

ಬೇಳೆ ಪ್ಯಾಕೆಟ್, ಖಡಕ್ ರೊಟ್ಟಿ ಪ್ಯಾಕೆಟ್ ಮಾಡುವವರು ಎಡವುವುದು ಬೇರೆ ಕಡೆ. ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು, ಕನ್ನಡ ಜೊತೆಗೆ ಇರಬಹುದು. ಅಭಿಮಾನದಿಂದ ಕನ್ನಡದಲ್ಲಷ್ಟೇ ಅಚ್ಚು ಹಾಕಿಸಿದವರಿಗೇ ನೋಟಿಸು ಬರುವ ವಿಚಿತ್ರ ಇದು, ನಿಯಮವೇ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಇನ್ನೊಂದು, ಬಿಡಿ ಅಳತೆಯ ದರ. 500 ಗ್ರಾಂ ತೊಗರಿ ಬೇಳೆಗೆ ಎಂಆರ್‌ಪಿ 95 ರೂಪಾಯಿ ಎಂದಿಟ್ಟುಕೊಂಡರೆ ಗ್ರಾಂಗೆ 0.19 ರೂಪಾಯಿ ಎಂದೂ ಹಾಕಬೇಕು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಸರಿಯಾಗಿ ಒಂದು ಕಿಲೋ ಪ್ಯಾಕೆಟಿಗೆ ಎಂಆರ್‌ಪಿಯೂ ಬಿಡಿ ದರವೂ ಒಂದೇ ಆಗುವುದರಿಂದ ಬೇರೆ ಬರೆಯಬೇಕಿಲ್ಲ. ದರ ಏರಿತೆಂದು ಎಂಆರ್‌ಪಿ ಮೇಲೆ ಸ್ಟಿಕ್ಕರ್ ಅಂಟಿಸುವಂತಿಲ್ಲ. ಇಳಿಸಲು ಅಂಟಿಸಬಹುದು, ಹಳೆಯ ಎಂಆರ್‌ಪಿ ಮುಚ್ಚಬಾರದು. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಗುಲಬರ್ಗಾ ತೊಗರಿ ಬೇಳೆಯ ಹೆಸರನ್ನು ಬೇರೆ ಕಡೆಯ ಬೇಳೆಗೆ ಹಾಕಿದರೆ ಅದು ಬರೀ ಲೇಬಲ್ಲಿನ ತಪ್ಪಲ್ಲ, ಜಿಐ ಉಲ್ಲಂಘನೆ.

ಕೋಚಿಂಗ್ ಸೆಂಟರುಗಳ ಫ್ಲೆಕ್ಸುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ನವೆಂಬರ್ 13ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಪ್ರವೇಶದ ಫಾರ್ಮಿನಲ್ಲೇ ಸಹಿ ಹಾಕಿಸಿಕೊಂಡಿದ್ದು ನಡೆಯುವುದಿಲ್ಲ. ಫೋಟೊ ಜೊತೆ ರ‍್ಯಾಂಕು, ಓದಿದ ಕೋರ್ಸು, ಅದರ ಅವಧಿ, ಶುಲ್ಕ ಕೊಟ್ಟಿದ್ದರೇ ಇಲ್ಲವೇ ಎಂಬುದೂ ಇರಬೇಕು. ವರ್ಷವಿಡೀ ಓದಿದವರ ಜೊತೆ ಬರೀ ಟೆಸ್ಟ್ ಸೀರೀಸ್ ಬರೆದವನ ಮುಖವನ್ನೂ ನಿಲ್ಲಿಸುವ ಚಾಳಿಗೆ ಇದೇ ಕಡಿವಾಣ. ಸಕ್ಕರೆ ಕಾಯಿಲೆ ಬುಡಸಮೇತ ವಾಸಿ ಎನ್ನುವ ಗೋಡೆ ಪೋಸ್ಟರುಗಳಿಗಂತೂ 1954ರಿಂದಲೇ ಕಾನೂನು ಇದೆ.

ನಿಮಗೇ ಯಾಕೆ ಬರೆಯುತ್ತಿದ್ದೇವೆ ಎಂದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 16ನೇ ಕಲಂ ಜಿಲ್ಲಾಧಿಕಾರಿ ಹುದ್ದೆಯನ್ನೇ ಹೆಸರಿಸಿದೆ. ದೂರು ಬಂದರೆ ಸುಳ್ಳು ಜಾಹೀರಾತು, ಅನುಚಿತ ವ್ಯಾಪಾರದ ಬಗ್ಗೆ ನೀವು ವಿಚಾರಣೆ ನಡೆಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಸುಳ್ಳು ಜಾಹೀರಾತಿಗೆ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆ ಅಧಿಕಾರ ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ಎರಡು ಕೆಲಸ ಆಗಬೇಕು.

ತಿಂಗಳಿಗೊಂದು ದಿನ ಕಾನೂನು ಮಾಪನ (ತೂಕ ಮತ್ತು ಅಳತೆ), ಆಹಾರ ಸುರಕ್ಷತೆ, ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗಳ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕೂರಲಿ. ಲೇಬಲ್ ಅಥವಾ ಜಾಹೀರಾತಿನ ಕರಡು ತಂದವರಿಗೆ ಅಚ್ಚಿಗೆ ಹೋಗುವ ಮುನ್ನವೇ ತಪ್ಪು ಗುರುತು ಹಾಕಿ, ಸಹಿ ಮಾಡಿ ಕೊಡಲಿ. ರೋಲುಗಟ್ಟಲೆ ಕವರ್ ಅಚ್ಚಾದ ಮೇಲೆ ಸಿಕ್ಕ ತಪ್ಪಿಗೆ ಇಡೀ ರೋಲೇ ರದ್ದಿ.

ಎರಡನೆಯದು, ಅರ್ಧ ಪುಟ ಮೀರದ ಮಾದರಿ ಒಪ್ಪಿಗೆ ಸೂಚನೆ, ಕನ್ನಡ ಮತ್ತು ಉರ್ದುವಿನಲ್ಲಿ, ಕೌಂಟರಿನಲ್ಲಿ ಅಂಟಿಸುವಂಥದ್ದು. ಇದು ಬೇಗ ಬರಬೇಕು. ದತ್ತಾಂಶ ಕಾಯ್ದೆಯಡಿ 250 ಕೋಟಿ ದಂಡ ಎಂದು ಹೆದರಿಸಿ 'ಸರ್ಟಿಫಿಕೇಟ್' ಮಾರುವವರು ಬರುವ ಹೊತ್ತು ಇದು. 250 ಕೋಟಿ ಗರಿಷ್ಠ ಮಿತಿ. ತಪ್ಪಿನ ಗಾತ್ರ, ಸ್ವರೂಪ ನೋಡಿ ಮಂಡಳಿ ದಂಡ ನಿರ್ಧರಿಸುತ್ತದೆ. ಅಂಗಡಿಯವರು ಪಡೆಯಲೇಬೇಕಾದ ಸರ್ಟಿಫಿಕೇಟ್ ಎಂಬುದೇ ಆ ಕಾಯ್ದೆಯಲ್ಲಿ ಇಲ್ಲ. ಇಷ್ಟನ್ನು ನಿಮ್ಮ ಕಚೇರಿಯ ಪ್ರಕಟಣೆಯಾಗಿ ನೆಹರು ಗಂಜ್‌ನಲ್ಲೂ ಕಪಡಾ ಬಜಾರಿನಲ್ಲೂ ಅಂಟಿಸಿದರೆ ಸಾಕು. ಕರಡು ಬರೆದುಕೊಡಲು ನಾವು ಸಿದ್ಧ, ಸಂಭಾವನೆ ಬೇಡ.

ಇಂತಿ,
ಕಲಬುರಗಿಯ ಕೆಲವು ತೆರಿಗೆ ಸಲಹೆಗಾರರು ಮತ್ತು ವಕೀಲರು