ದೇವರಾಜ ಮಾರುಕಟ್ಟೆ: ಮೊದಲು ಕಡತ ತೋರಿಸಿ, ಆಮೇಲೆ ಅಭಿಪ್ರಾಯ ಕೇಳಿ

ಮಾನ್ಯ ಸಂಪಾದಕರೇ,

ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡವನ್ನು ಕೆಡವಿ ಕಟ್ಟಬೇಕೆ, ಬಲಪಡಿಸಿ ಉಳಿಸಿಕೊಳ್ಳಬೇಕೆ ಎಂಬ ವಾದ ಪತ್ರಿಕೆಗಳಿಂದ ಹೈಕೋರ್ಟಿನವರೆಗೂ ನಡೆದಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಕಳೆದುಕೊಂಡರು. 2016ರ ಆಗಸ್ಟ್ 28ರಂದು, ದುರಸ್ತಿ ಕಾಮಗಾರಿ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಆ ಮೇಲೆ ಸಮಿತಿಗಳು ಬಂದವು, ವರದಿಗಳು ಬಂದವು. ಒಂದು ವರದಿ ಕೆಡವಿ ಎಂದರೆ ಇನ್ನೊಂದು ಉಳಿಸಿ ಎಂದಿತು. ಈ ಪತ್ರ ಎರಡು ಪಕ್ಷಗಳಲ್ಲಿ ಯಾವುದರ ಪರವೂ ಅಲ್ಲ. ಯಾವ ಕಾಗದಗಳನ್ನು ಮುಂದಿಟ್ಟುಕೊಂಡು, ಯಾರು, ಯಾವ ಸಭೆಯಲ್ಲಿ ತೀರ್ಮಾನಿಸಬೇಕು ಎಂಬುದಷ್ಟೇ ಇಲ್ಲಿನ ಮಾತು. ನಗರದ ನಡುಮನೆಯಂತಿರುವ ಜಾಗವನ್ನು ಹೊಸದಾಗಿ ರೂಪಿಸುವಾಗ ಈ ಪ್ರಶ್ನೆಯೇ ಹಿಂದೆ ಬೀಳುತ್ತದೆ.

ನಮ್ಮಲ್ಲಿ ಸಾರ್ವಜನಿಕ ಸಮಾಲೋಚನೆ ಎಂದರೆ ಸಾಮಾನ್ಯವಾಗಿ ಹೀಗೆ: ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ, ವ್ಯಾಪಾರದ ಬಿಸಿಯಲ್ಲಿರುವ ಹನ್ನೊಂದು ಗಂಟೆಗೆ ಒಂದು ಸಭೆ, ಗೋಡೆಯ ಮೇಲೆ ಹೊಸ ಕಟ್ಟಡದ ಬಣ್ಣದ ಚಿತ್ರ, ಬಾಗಿಲಲ್ಲಿ ಹಾಜರಿ ಪುಸ್ತಕ. ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ಅಷ್ಟರಲ್ಲಿ ಸಿದ್ಧವಾಗಿ ಕಡತ ಸೇರಿರುತ್ತದೆ. ಹಾಜರಿಗೆ ಹಾಕಿದ ಸಹಿಗಳು ಮುಂದೆ ಒಪ್ಪಿಗೆಯ ಲೆಕ್ಕಕ್ಕೆ ಹೋಗುತ್ತವೆ. ಆಕ್ಷೇಪಣೆ ಬರೆದುಕೊಟ್ಟವರಿಗೆ ಸ್ವೀಕೃತಿ ಮುದ್ರೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಡಿಪಿಆರ್ ಆದ ಮೇಲೆ ಕೇಳಿದ ಅಭಿಪ್ರಾಯಕ್ಕೆ ಬಾಗಿಲಿನ ಬಣ್ಣ ಬದಲಿಸುವಷ್ಟೇ ಶಕ್ತಿ ಉಳಿದಿರುತ್ತದೆ. ಮಳಿಗೆಯ ಅಳತೆ, ಮಹಡಿಗಳ ಸಂಖ್ಯೆ, ಬಾಡಿಗೆಯ ಲೆಕ್ಕ ಎಲ್ಲವೂ ಅದರೊಳಗೆ ಗಟ್ಟಿಯಾಗಿಬಿಟ್ಟಿರುತ್ತವೆ.

ಆದ್ದರಿಂದ ಸಮಾಲೋಚನೆ ಎರಡು ಸಲ ನಡೆಯಬೇಕು. ಮೊದಲನೆಯದು ಸಲಹೆಗಾರ ಸಂಸ್ಥೆಗೆ ಕೆಲಸದ ವ್ಯಾಪ್ತಿ ಬರೆದುಕೊಡುವ ಮುನ್ನ, ಎರಡನೆಯದು ಕರಡು ಡಿಪಿಆರ್ ಬಂದ ಮೇಲೆ, ಟೆಂಡರಿಗೆ ಮುಂಚೆ. ಎರಡನೆಯದಕ್ಕೆ ಕನಿಷ್ಠ 30 ದಿನ ಮೊದಲೇ ಎಲ್ಲ ದಾಖಲೆಗಳು ಪಾಲಿಕೆಯ ಜಾಲತಾಣದಲ್ಲೂ ಮಾರುಕಟ್ಟೆಯ ಒಳಗೂ ಕನ್ನಡದಲ್ಲಿ ಇರಬೇಕು. ಇದೇನೂ ದಯೆಯ ಮಾತಲ್ಲ. ಜನರಿಗೆ ತಟ್ಟುವ ನಿರ್ಧಾರ ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಸಾರ್ವಜನಿಕ ಸಂಸ್ಥೆ ತಾನಾಗಿಯೇ ಬಹಿರಂಗಪಡಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಹೇಳುತ್ತದೆ, ಬಾಧಿತರಿಗೆ ಕಾರಣ ಕೊಡಬೇಕೆಂದು 4(1)(ಡಿ) ಹೇಳುತ್ತದೆ. ಸ್ಥಳೀಯ ಸಂಸ್ಥೆಗಳ ಆಡಳಿತ ಭಾಷೆ ಕನ್ನಡ ಎಂಬ ಕಾಯ್ದೆ 1981ರಿಂದಲೇ ಇದೆ.

ಯಾವ ದಾಖಲೆಗಳು? ಮೊದಲನೆಯದು ಕಟ್ಟಡದ ಬಲ ಪರೀಕ್ಷೆಯ ವರದಿ. ಸಾರಾಂಶದ ಪುಟ ಸಾಲದು, ಯಾವ ಗೋಡೆಯ ಯಾವ ಜಾಗದಲ್ಲಿ ಏನು ಪರೀಕ್ಷಿಸಿದರು ಎಂಬ ನಕ್ಷೆ ಸಮೇತ ಬೇಕು. ಇದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಾಲದ ನಿರ್ಮಾಣ. ಸುತ್ತಿಗೆ ಎಷ್ಟು ಪುಟಿಯುತ್ತದೆಂದು ನೋಡುವ ರಿಬೌಂಡ್ ಹ್ಯಾಮರ್, ಶಬ್ದತರಂಗ ಹಾಯಿಸುವ ಅಲ್ಟ್ರಾಸಾನಿಕ್ ಪರೀಕ್ಷೆಗಳು ಕಾಂಕ್ರೀಟಿಗೆಂದು ರೂಪುಗೊಂಡವು. ಅವುಗಳ ಅಂಕಿಯನ್ನಷ್ಟೇ ನೋಡಿ ಇಂಥ ಗೋಡೆಗೆ ಮರಣಶಾಸನ ಬರೆಯಬಾರದು, ಅಭಯವನ್ನೂ ಕೊಡಬಾರದು. ಗಾರೆಯ ಸಂದನ್ನು ಸೀಳಿ ತೆಳು ಲೋಹದ ಜ್ಯಾಕ್ ತೂರಿಸಿ ಗೋಡೆ ಹೊತ್ತಿರುವ ಒತ್ತಡವನ್ನು ಅಳೆಯುವ ಫ್ಲ್ಯಾಟ್‌ಜ್ಯಾಕ್ ಪರೀಕ್ಷೆ ಆಗಿದೆಯೇ? ಗಾರೆಯ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ದಾರೆಯೇ? ಬಿರುಕುಗಳ ಮೇಲೆ ಅಳತೆಪಟ್ಟಿ ಅಂಟಿಸಿ ಒಂದು ಮಳೆಗಾಲ, ಒಂದು ಬೇಸಿಗೆ ದಾಟುವವರೆಗೆ ಗಮನಿಸಿದ್ದಾರೆಯೇ? ಬಿರುಕು ಬೆಳೆಯುತ್ತಿದ್ದರೆ ಒಂದು ಚಿಕಿತ್ಸೆ, ನಿಂತಿದ್ದರೆ ಇನ್ನೊಂದು. ಕುಸಿತಕ್ಕೆ ಹಳತಾದದ್ದೇ ಕಾರಣ ಎನ್ನುವುದು ಸುಲಭ. ಕಟ್ಟಿಹೋದ ಮಳೆನೀರಿನ ಕೊಳವೆ, ಗೋಡೆಯಲ್ಲಿ ಬೇರು ಬಿಟ್ಟ ಅರಳಿ, ಸುಣ್ಣದ ಗೋಡೆಯ ಮೇಲೆ ಬಳಿದ ಸಿಮೆಂಟು, ಹೆಚ್ಚುವರಿ ಅಟ್ಟಕ್ಕಾಗಿ ಕೊರೆದ ತೂತು ಇವನ್ನು ಒಂದೊಂದಾಗಿ ಪರಿಶೀಲಿಸಿ ಬರೆದಿರಬೇಕು. ಸುಣ್ಣದ ಗೋಡೆಗೆ ಸಿಮೆಂಟ್ ತೇಪೆ ಹಾಕಿದರೆ ತೇವ ಹೊರಬರಲಾಗದೆ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಅದು ನಿರ್ವಹಣೆಯ ತಪ್ಪು, ವಯಸ್ಸಿನದಲ್ಲ.

ಎರಡನೆಯದು ಖರ್ಚಿನ ತುಲನೆ. ಉಳಿಸುವ ಮತ್ತು ಕೆಡವಿ ಕಟ್ಟುವ ಎರಡೂ ಅಂದಾಜುಗಳು ಒಂದೇ ವರ್ಷದ ದರಪಟ್ಟಿಯ ಮೇಲೆ, ಅಕ್ಕಪಕ್ಕದ ಕಲಮುಗಳಲ್ಲಿ ಬೇಕು. ಕೆಡವುವ ಅಂದಾಜಿನಲ್ಲಿ ತಾತ್ಕಾಲಿಕ ಮಾರುಕಟ್ಟೆ ಕಟ್ಟುವ ಖರ್ಚು, ಕಾಮಗಾರಿ ಮುಗಿಯುವವರೆಗೆ ಪಾಲಿಕೆ ಕಳೆದುಕೊಳ್ಳುವ ಬಾಡಿಗೆ, ಅವಶೇಷ ಸಾಗಿಸುವ ವೆಚ್ಚ ಸೇರಿರಬೇಕು. ಉಳಿಸುವ ಅಂದಾಜಿನಲ್ಲಿ ಸುಣ್ಣದ ಕೆಲಸ ಬಲ್ಲ ಗಾರೆಯವರ ಕೂಲಿ, ಮುಂದಿನ ನಿರ್ವಹಣೆಯ ವಾರ್ಷಿಕ ವೆಚ್ಚ ಇರಬೇಕು. ಈ ಸಾಲುಗಳನ್ನು ಬಿಟ್ಟರೆ ಯಾವ ಕಡೆಗೆ ಬೇಕೋ ಆ ಕಡೆಗೆ ತಕ್ಕಡಿ ವಾಲಿಸಬಹುದು.

ಮೂರನೆಯದು ಮಳಿಗೆಗಳ ಗಣತಿ: ಪ್ರತಿ ಮಳಿಗೆಯ ಸಂಖ್ಯೆ, ಅಳತೆ, ವಹಿವಾಟು, ಪರವಾನಗಿದಾರರ ಹೆಸರು, ನಿಜವಾಗಿ ಕೂತು ವ್ಯಾಪಾರ ಮಾಡುವವರು ಯಾರು. ಹೂವು, ವೀಳ್ಯದೆಲೆ, ಬಾಳೆಹಣ್ಣು ಮಾರುವವರನ್ನು ಮೇಲಿನ ಮಹಡಿಗೆ ಕಳಿಸಿದರೆ ಗಿರಾಕಿ ಹತ್ತುವುದಿಲ್ಲ. ಬೆಳಗಿನ ಜಾವ ಲಾರಿ ನಿಲ್ಲಲು ಜಾಗ, ನೀರು ಹರಿದುಹೋಗಲು ನೆಲದ ಇಳಿಜಾರು, ಹಸಿ ಕಸಕ್ಕೆ ಪ್ರತ್ಯೇಕ ದಾರಿ ನಕ್ಷೆಯಲ್ಲೇ ಕಾಣಬೇಕು. ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ಹೊರಡುವ ದಿನಗಳಲ್ಲಿ ಕಾಮಗಾರಿಗೆ ಏನು ವ್ಯವಸ್ಥೆ ಎಂಬುದೂ ಬರೆದಿರಬೇಕು. ಹೊರಗಿನ ಪಾದಚಾರಿ ಮಾರ್ಗದ ವ್ಯಾಪಾರಿಗಳ ವಿಷಯ ಬೇರೆ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅನ್ವಯಿಸುತ್ತದೆ: ಸಮೀಕ್ಷೆ ಮುಗಿಯುವ ಮುನ್ನ ಎಬ್ಬಿಸುವಂತಿಲ್ಲ, ಪ್ರಮಾಣಪತ್ರ ಪಡೆದವರಿಗೆ 30 ದಿನಗಳ ನೋಟಿಸ್ ಕೊಡದೆ ಸ್ಥಳಾಂತರಿಸುವಂತಿಲ್ಲ.

ಇನ್ನು ಪಾಲಿಕೆಯ ಕೌನ್ಸಿಲ್. 65 ವಾರ್ಡುಗಳ ಚುನಾಯಿತ ಕೌನ್ಸಿಲ್ಲಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಅಧಿಕಾರ ಹೋಯಿತು. ಆಯುಕ್ತರು ಕಡತ ಮಂಡಿಸುತ್ತಾರೆ, ಆಡಳಿತಾಧಿಕಾರಿ ಒಪ್ಪುತ್ತಾರೆ, ಇಬ್ಬರೂ ಸರ್ಕಾರ ನೇಮಿಸಿದವರು. ಅವರ ಪ್ರಾಮಾಣಿಕತೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ಎದ್ದುನಿಂತು ಪ್ರಶ್ನೆ ಕೇಳುವವರು ಆ ಕೋಣೆಯಲ್ಲಿ ಇರುವುದಿಲ್ಲ. 1976ರ ಮಹಾನಗರಪಾಲಿಕೆ ಕಾಯ್ದೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳನ್ನು ಇಟ್ಟದ್ದಕ್ಕೆ ಅರ್ಥವಿದೆ. ಇಂಥ ಯೋಜನೆ ನಗರ ಯೋಜನೆ ಮತ್ತು ಅಭಿವೃದ್ಧಿ ಸಮಿತಿಯಲ್ಲಿ ನಕ್ಷೆಗಾಗಿ, ತೆರಿಗೆ ಮತ್ತು ಹಣಕಾಸು ಸಮಿತಿಯಲ್ಲಿ ಬಾಡಿಗೆ, ಗುತ್ತಿಗೆ ಅವಧಿ, ಸಾಲದ ಹೊರೆಗಾಗಿ, ಲೆಕ್ಕಪತ್ರ ಸಮಿತಿಯಲ್ಲಿ ಹಿಂದಿನ ದುರಸ್ತಿಗೆ ಆದ ಖರ್ಚಿಗಾಗಿ ಬಿಡಿಸಿ ನೋಡಬೇಕಾದದ್ದು.

ಕೌನ್ಸಿಲ್ ಇದ್ದಾಗಲೂ ಪರಿಶೀಲನೆ ತಪ್ಪಿಸಿಕೊಳ್ಳುವ ದಾರಿಗಳಿವೆ. ಸಭೆಯ ದಿನ ಬೆಳಿಗ್ಗೆ ಹಂಚುವ ಹೆಚ್ಚುವರಿ ಕಾರ್ಯಸೂಚಿಯಲ್ಲಿ ದೊಡ್ಡ ಯೋಜನೆ ನುಸುಳುತ್ತದೆ. ಗದ್ದಲದ ನಡುವೆ ಅನುಮೋದನೆಯಾಗುತ್ತದೆ. ಇನ್ನೂ ಕೆಟ್ಟದ್ದು ಘಟನೋತ್ತರ ಮಂಜೂರಾತಿ: ಕೆಲಸ ಶುರುವಾದ ಮೇಲೆ ಕೌನ್ಸಿಲ್ಲಿನ ಮುದ್ರೆ. ಕಟ್ಟಡ ಕೆಡವುವ ವಿಷಯದಲ್ಲಿ ಘಟನೋತ್ತರ ಎಂಬುದಕ್ಕೆ ಅರ್ಥವೇ ಇಲ್ಲ. ಬಿದ್ದದ್ದನ್ನು ಯಾವ ನಿರ್ಣಯವೂ ಎತ್ತಿ ನಿಲ್ಲಿಸದು.

ನಾಗರಿಕರು ಈಗಲೇ ಮಾಡಬಹುದಾದ ಕೆಲಸವೂ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ 10 ರೂಪಾಯಿ ಶುಲ್ಕ, 150 ಪದಗಳ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. ಎಲ್ಲವನ್ನೂ ಒಂದರಲ್ಲೇ ಕೇಳಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಬಲ ಪರೀಕ್ಷೆಯ ವರದಿಗೆ ಒಂದು, ಅಂದಾಜು ಪಟ್ಟಿಗೆ ಒಂದು, ಸಭೆಯ ನಡವಳಿಗೆ ಒಂದು ಎಂದು ಬಿಡಿಬಿಡಿಯಾಗಿ ಹಾಕಬೇಕು. ಕಡತದ ಟಿಪ್ಪಣಿ ಹಾಳೆಗಳನ್ನು ಮರೆಯದೆ ಕೇಳಬೇಕು. ಯಾವ ಅಧಿಕಾರಿ ಯಾವ ಹಂತದಲ್ಲಿ ಏನು ಆಕ್ಷೇಪ ಬರೆದರು ಎಂಬುದು ಸಿಗುವುದು ಅಲ್ಲಿಯೇ.

ಪಾಲಿಕೆಯಲ್ಲಿ ಕೇಳುವುದು ಇಷ್ಟು. ಅಪಾಯದಲ್ಲಿರುವ ಭಾಗಗಳಿಗೆ ತಕ್ಷಣ ಆಸರೆ ಕೊಡಿ, ಜನರ ಓಡಾಟ ತಡೆಯಿರಿ, ಅದಕ್ಕೆ ಯಾವ ಸಮಾಲೋಚನೆಯೂ ಬೇಡ. ಉಳಿದದ್ದಕ್ಕೆ ಬಂದ ಪ್ರತಿ ಆಕ್ಷೇಪಣೆಗೂ ಸಂಖ್ಯೆ ಕೊಟ್ಟು, ಒಪ್ಪಿದ್ದೇವೆ ಅಥವಾ ಇಲ್ಲ, ಕಾರಣ ಇದು ಎಂದು ಒಂದು ಪಟ್ಟಿಯಲ್ಲಿ ಬರೆದು, ಆ ಪಟ್ಟಿಯನ್ನು ಕಾರ್ಯಸೂಚಿಗೆ ಲಗತ್ತಿಸಿ ಸಭೆಗೆ ಏಳು ದಿನ ಮೊದಲು ಪ್ರಕಟಿಸಿ. ಆಡಳಿತಾಧಿಕಾರಿಯ ಅವಧಿಯಲ್ಲಿ ಈ ಯೋಜನೆಗೆ ಸಂಬಂಧಿಸಿ ಆದ ಎಲ್ಲ ನಿರ್ಣಯಗಳನ್ನೂ ಚುನಾಯಿತ ಕೌನ್ಸಿಲ್ಲಿನ ಮೊದಲ ಸಾಮಾನ್ಯ ಸಭೆಗಳಲ್ಲೇ ಚರ್ಚೆಗೆ ತನ್ನಿ. ಅಲ್ಲಿಯವರೆಗೆ ಕೆಡವುವ ಕಾರ್ಯಾದೇಶ ಹೊರಡಿಸಬೇಡಿ.

— ಮೈಸೂರಿನ ಓದುಗರು